ಟೆಲಿಫೋನ್ ಎಕ್ಸ್‌ಚೇಂಜ್ ಟರ್ಮಿನಲ್‌ನ ಫಂಕ್ಷನ್ ಕೀಗಳು

ಎಕ್ಸ್‌ಚೇಂಜಿನ ಆಡಳಿತ ಟರ್ಮಿನಲ್‌ನಲ್ಲಿ ಪದೇಪದೇ ಟೈಪ್ ಮಾಡಬೇಕಾದ ಆದೇಶಗಳನ್ನು ಒಂದೇ ಒತ್ತಿನಲ್ಲಿ ಕಳಿಸಲು ಕೀಬೋರ್ಡಿನ ಮೇಲಿನ ಸಾಲಿನ ಕೀಗಳಿಗೆ ಅಕ್ಷರಗಳ ಸಾಲು ತುಂಬಿಡುವ ಕ್ರಮ. ಸಂಪರ್ಕ ಕೊಡುವುದು, ಬಿಲ್ ಬಾಕಿಯಿದ್ದರೆ ಔಟ್‌ಗೋಯಿಂಗ್ ನಿಲ್ಲಿಸುವುದು, ಕಟ್ಟಿದ ಮೇಲೆ ಬಿಡುವುದು, ಎಸ್‌ಟಿಡಿ ಸೌಲಭ್ಯ ತೆರೆಯುವುದು ಎಲ್ಲವೂ ಈ ಟರ್ಮಿನಲ್‌ನಿಂದಲೇ ನಡೆಯುವ ಕೆಲಸ.

ಇಂಥ ಎಕ್ಸ್‌ಚೇಂಜುಗಳಿಗೆ ಉದಾಹರಣೆಯಾಗಿ ರಾಯಚೂರು ಜಿಲ್ಲೆಯನ್ನು ನೋಡಬಹುದು. ಅಲ್ಲಿನ ಸಿಂಧನೂರು, ಮಸ್ಕಿ, ಲಿಂಗಸೂಗೂರು ಒಂದೇ ಹೆದ್ದಾರಿಯ (150ಎ) ಮೇಲಿದ್ದರೂ ಟೆಲಿಫೋನಿನ ಲೆಕ್ಕದಲ್ಲಿ ಎರಡು ಪಾಲು. ಸಿಂಧನೂರಿನ ಎಸ್‌ಟಿಡಿ ಕೋಡ್ 08535, ಲಿಂಗಸೂಗೂರಿನದು 08537. ಮಸ್ಕಿ ಲಿಂಗಸೂಗೂರು ತಾಲ್ಲೂಕಿನ ಊರಾಗಿದ್ದರಿಂದ ಅದಕ್ಕೂ 08537. ಈಗ ಮಸ್ಕಿಯೇ ತಾಲ್ಲೂಕು ಕೇಂದ್ರವಾಗಿದ್ದರೂ ಕೋಡ್ ಹಾಗೆಯೇ ಉಳಿದಿದೆ. ಇಂಥ ಊರುಗಳಿಗೆ ಡಿಜಿಟಲ್ ಎಕ್ಸ್‌ಚೇಂಜ್ ತಂದದ್ದು ಬಹುಪಾಲು 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯ ವಿನ್ಯಾಸ. ಹವಾನಿಯಂತ್ರಣವಿಲ್ಲದೆ ಬಿಸಿಲು, ಧೂಳಿನಲ್ಲೂ ನಡೆಯುವಂತೆ ರೂಪಿಸಿದ ಅದರ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜಿನ ಮೊದಲ ಸ್ಥಾಪನೆ 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಆಯಿತು.

ಸಿ-ಡಾಟ್‌ನ ದೊಡ್ಡ ಎಕ್ಸ್‌ಚೇಂಜುಗಳಲ್ಲಿ ಟರ್ಮಿನಲ್ ಮತ್ತು ಪ್ರಿಂಟರ್‌ಗಳು ಐಒಪಿ ಎಂಬ ಜೋಡಿ ಕಂಪ್ಯೂಟರಿಗೆ ಸೇರಿರುತ್ತವೆ. ಪ್ರತಿ ಲೈನಿಗೂ ಮಾಡ್ಯೂಲ್, ರ‍್ಯಾಕ್, ಫ್ರೇಮ್, ಸ್ಲಾಟ್, ಸರ್ಕಿಟ್ ಎಂಬ ಐದು ಅಂಗಗಳ ವಿಳಾಸ. ಒಂದಂಕಿ ತಪ್ಪಿದರೆ ಒಬ್ಬರ ಫೋನ್ ಇನ್ನೊಬ್ಬರ ಮನೆಯಲ್ಲಿ ರಿಂಗಾಗುತ್ತದೆ. ಕೀ ತುಂಬುವುದರ ನಿಜವಾದ ಲಾಭ ಇಲ್ಲಿದೆ: ಉಳಿಯುವ ಸಮಯಕ್ಕಿಂತ ತಪ್ಪುವ ತಪ್ಪುಗಳು ಹೆಚ್ಚು.

ತುಂಬುವ ರೀತಿಗೆ ಮಾದರಿಯಾದದ್ದು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ 1983ರ ವಿಟಿ220 ಟರ್ಮಿನಲ್. ಇದರಲ್ಲಿ ಎಫ್1ರಿಂದ ಎಫ್5 ಟರ್ಮಿನಲ್‌ನ ಸ್ವಂತ ಕೆಲಸಕ್ಕೆ ಮೀಸಲು. ಪರದೆ ತಡೆಹಿಡಿಯುವುದು, ಮುದ್ರಿಸುವುದು, ಸೆಟಪ್ ತೆರೆಯುವುದು ಇತ್ಯಾದಿ. ಎಫ್6ರಿಂದ ಎಫ್20ರವರೆಗಿನವನ್ನು ಶಿಫ್ಟ್ ಹಿಡಿದು ಒತ್ತಿದರೆ ಬಳಕೆದಾರ ತುಂಬಿದ್ದು ಹೋಗುತ್ತದೆ. ತುಂಬಲು ಎಸ್ಕೇಪ್‌ನಿಂದ ಶುರುವಾಗುವ ಸಂಕೇತಸಾಲನ್ನು ಐಒಪಿಯಂಥ ಹೋಸ್ಟ್ ಕಡೆಯಿಂದ ಟರ್ಮಿನಲ್‌ಗೆ ಕಳಿಸಬೇಕು. ಎಫ್6ರ ಗುರುತು 17, ಎಫ್7ರದು 18. ಹೀಗೆ ಸಾಗಿ ಎಫ್10ಕ್ಕೆ 21. ಆಮೇಲೆ 22 ಬಿಟ್ಟುಹೋಗಿ ಎಫ್11ಕ್ಕೆ 23. ಕೈಪಿಡಿ ನೋಡದೆ ಎಣಿಸಿದವರು ಎಡವುವ ಜಾಗ ಇದೇ. ತುಂಬುವ ಪ್ರತಿ ಅಕ್ಷರವನ್ನೂ ಎರಡಂಕಿಯ ಹೆಕ್ಸ್ (ಹದಿನಾರರ ಎಣಿಕೆ) ರೂಪದಲ್ಲಿ ಬರೆಯಬೇಕು: ಸಿಂಧನೂರಿನ 08535 ಎಂಬುದು 3038353335 ಆಗುತ್ತದೆ. ಎಲ್ಲ ಕೀಗಳಿಗೂ ಸೇರಿ ಸಿಗುವ ಜಾಗ 256 ಬೈಟ್ ಮಾತ್ರ.

ಕೊನೆಗೆ ಎಂಟರ್ ಕೀಯ ಸಂಕೇತವನ್ನೂ ಸೇರಿಸಬೇಕೇ ಎಂಬುದು ತೀರ್ಮಾನದ ವಿಷಯ. ಚಂದಾದಾರರ ವಿವರ ತೋರಿಸುವ, ಅಲಾರಂ ನೋಡುವ ಆದೇಶಗಳಿಗೆ ಸೇರಿಸಿದರೆ ಅಡ್ಡಿಯಿಲ್ಲ. ಸಂಪರ್ಕ ತೆಗೆಯುವ, ನಂಬರ್ ಬದಲಿಸುವ ಆದೇಶಗಳನ್ನು ಮಾತ್ರ ನಂಬರಿನವರೆಗೆ ತಂದು ನಿಲ್ಲಿಸುವುದೇ ಲೇಸು; ನಂಬರ್ ಹಾಕಿ ಎಂಟರ್ ಒತ್ತುವ ಹೊಣೆ ಕುರ್ಚಿಯಲ್ಲಿ ಕೂತವರದೇ ಇರಲಿ.

ವಿಟಿ220ರಲ್ಲಿ ತುಂಬಿದ್ದು ಕರೆಂಟ್ ಹೋದರೆ ಅಳಿಯುತ್ತದೆ. ಎಕ್ಸ್‌ಚೇಂಜಿನ ಯಂತ್ರ 48 ವೋಲ್ಟ್ ಬ್ಯಾಟರಿಯ ಮೇಲೆ ನಡೆಯುವುದರಿಂದ ಮಾತು ಕಡಿಯದು, ಆದರೆ ಇನ್ವರ್ಟರ್ ಇಲ್ಲದ ಟರ್ಮಿನಲ್ ಆರಿಹೋಗುತ್ತದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ರಾಯಚೂರು ಜಿಲ್ಲೆಯಲ್ಲೇ ಇದ್ದರೂ ಇಲ್ಲಿನವರಿಗೆ ಕರೆಂಟ್ ಹೋಗುವುದು ಹೊಸತೇನಲ್ಲ. ಹಾಗಾಗಿ ಸಂಕೇತಸಾಲನ್ನು ಒಂದು ಕಡತದಲ್ಲಿಟ್ಟು, ಲಾಗಿನ್ ಆದ ಕೂಡಲೇ ಟರ್ಮಿನಲ್‌ಗೆ ಮತ್ತೆ ಕಳಿಸುವ ವ್ಯವಸ್ಥೆ ಮಾಡಿಕೊಳ್ಳಬೇಕು. ಬೇರೆಯವರು ತಿದ್ದದಂತೆ ಕೀಗಳಿಗೆ ಬೀಗ ಹಾಕಲೂ ಅವಕಾಶವಿದೆ.

ಟರ್ಮಿನಲ್‌ನ ಬಗೆ ಮತ್ತು ಹೋಸ್ಟ್‌ನಲ್ಲಿ ನಮೂದಿಸಿದ ಬಗೆ ಹೊಂದದಿದ್ದರೆ ಕೀ ಒತ್ತಿದಾಗ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಮೂಡುತ್ತವೆ. ಕಚೇರಿಗಳ ಒಳ ಎಕ್ಸ್‌ಚೇಂಜುಗಳಾದ ಇಪಿಎಬಿಎಕ್ಸ್‌ಗಳಲ್ಲೂ ಇದೇ ತೊಂದರೆ. ಪಿಸಿಯ ಎಮ್ಯುಲೇಟರ್ ತಂತ್ರಾಂಶಗಳು ಕೀಗಳ ಪಟ್ಟಿಯನ್ನು ಡಿಸ್ಕಿನಲ್ಲೇ ಉಳಿಸುವುದರಿಂದ ಹೆಕ್ಸ್ ಲೆಕ್ಕದ ಗೋಜು ಬಹುಮಟ್ಟಿಗೆ ತಪ್ಪಿದೆ.