ಹೆದ್ದಾರಿ ಕಡಿದ ನೆಂಟಸ್ತಿಕೆ

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿರುವ ಮೊಹಾವಿ ಮರುಭೂಮಿ ಬರಿಯ ಮರಳಿನ ಹಾಸಲ್ಲ. ಅಲ್ಲಿ ಬೋಳು ಬಂಡೆಗಳ ಬೆಟ್ಟಸಾಲುಗಳು ಒಂದಕ್ಕೊಂದು ಅಂಟದೆ ಚದುರಿಕೊಂಡಿವೆ. ನಡುವೆ ಮೈಲಿಗಟ್ಟಲೆ ಬಯಲು. ಸಮುದ್ರದಲ್ಲಿ ದ್ವೀಪಗಳು ಇದ್ದ ಹಾಗೆ ಬಯಲಿನಲ್ಲಿ ಬೆಟ್ಟಗಳು. ಈ ಬೆಟ್ಟಗಳ ಮೇಲೆ ಬಿಗ್‌ಹಾರ್ನ್ ಎಂಬ ಕಾಡುಕುರಿಗಳು ವಾಸಿಸುತ್ತವೆ. ಟಗರಿನ ಕೊಂಬು ಕಿವಿಯ ಹಿಂದಿನಿಂದ ಸುತ್ತಿಕೊಂಡು ಕೆನ್ನೆಯವರೆಗೆ ಬರುವಷ್ಟು ದೊಡ್ಡದು. ಆದರೆ ಶತ್ರುವಿನಿಂದ ಪಾರಾಗಲು ಈ ಪ್ರಾಣಿ ನೆಚ್ಚುವುದು ಕೊಂಬನ್ನಲ್ಲ, ಕಣ್ಣು ಮತ್ತು ಗೊರಸನ್ನು. ಪ್ಯೂಮಾ ಕಂಡರೆ ಕಡಿದಾದ ಬಂಡೆ ಹತ್ತಿಬಿಡುತ್ತದೆ. ಬಯಲಿನಲ್ಲಿ ಅದು ನಿರ್ಗತಿಕ.

ಈ ಕುರಿಗಳ ಚಿತ್ರಗಳನ್ನು ಅಲ್ಲಿನ ಮೂಲನಿವಾಸಿಗಳು ಕೋಸೊ ಬೆಟ್ಟಗಳ ಬಂಡೆಗಳ ಮೇಲೆ ಸಾವಿರಗಟ್ಟಲೆ ಕೆತ್ತಿಟ್ಟಿದ್ದಾರೆ. ಯುರೋಪಿನಿಂದ ಬಂದವರು ಬಂದೂಕನ್ನು ತಂದರು, ಸಾಕುಕುರಿಗಳನ್ನೂ ತಂದರು. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಅಪಾಯಕಾರಿಯಾಗಿರಲಿಲ್ಲ. ಸಾಕುಕುರಿಗೆ ಅಷ್ಟೇನೂ ಬಾಧಿಸದ ಶ್ವಾಸಕೋಶದ ಸೋಂಕು ಕಾಡುಕುರಿಗೆ ತಗುಲಿದರೆ ನ್ಯುಮೋನಿಯಾ ಆಗಿ ಹಿಂಡಿಗೆ ಹಿಂಡನ್ನೇ ಉರುಳಿಸಬಲ್ಲದು. ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಇದ್ದವೆಂದು ತಿಳಿದ 80 ಗುಂಪುಗಳಲ್ಲಿ 30 ಗುಂಪುಗಳು ಇಪ್ಪತ್ತನೆಯ ಶತಮಾನದಲ್ಲಿ ನಿರ್ನಾಮವಾದವು. ಕ್ಲಿಂಟನ್ ಎಪ್ಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೆಚ್ಚು ಅಳಿದದ್ದು ಮಳೆ ಕಡಿಮೆಯಾದ, ಎತ್ತರವಿಲ್ಲದ ಬೆಟ್ಟಗಳಲ್ಲಿ.

ಕುರಿಗಳನ್ನು ಉಳಿಸಬೇಕೆಂದರೆ ಬೆಟ್ಟವನ್ನು ಉಳಿಸಿದರೆ ಸಾಕು ಎಂಬ ಭಾವನೆ ಬಹುಕಾಲ ಇತ್ತು. ಬಯಲಿಗೆ ಇಳಿಯದ ಪ್ರಾಣಿಗೆ ಬಯಲಿನ ಹಂಗೇಕೆ? ಈ ಎಣಿಕೆಯಲ್ಲಿ ತಪ್ಪಿದೆ ಎಂದು 1990ರಲ್ಲಿ ವರ್ನನ್ ಬ್ಲೈಕ್, ಜಾನ್ ವೆಹೌಸನ್ ಮತ್ತು ಸ್ಟೀಫನ್ ಹೋಲ್ ಬರೆದರು. ಬಹುತೇಕ ಬೆಟ್ಟಗಳಲ್ಲಿ ಇರುವುದು ನೂರಕ್ಕೂ ಕಡಿಮೆ ಕುರಿಗಳು. ಇಂಥ ಸಣ್ಣ ಹಿಂಡು ಬರಕ್ಕೋ ರೋಗಕ್ಕೋ ಎಂದಾದರೂ ಅಳಿಯುವುದೇ. ಆಮೇಲೆ ಪಕ್ಕದ ಬೆಟ್ಟದಿಂದ ಕುರಿಗಳು ಬಂದು ನೆಲೆಸಿದರೆ ಮಾತ್ರ ಅಲ್ಲಿ ಮತ್ತೆ ಸಂತತಿ. ಹೆಣ್ಣುಕುರಿ ತಾಯಿಯ ಬೆಟ್ಟ ಬಿಡುವುದು ಅಪರೂಪ. ಟಗರುಗಳು ಹಾಗಲ್ಲ, ಬೆದೆಯ ಕಾಲದಲ್ಲಿ ಬಯಲು ದಾಟಿ ಅಲೆಯುತ್ತವೆ. ಹಿಂಡಿನ ಟಗರನ್ನು ಆಗಾಗ ಬದಲಿಸಬೇಕೆಂಬುದು ಕುರಿ ಸಾಕುವ ಯಾರಿಗೂ ಹೊಸ ಮಾತಲ್ಲ. ಕಾಡಿನಲ್ಲಿ ಬದಲಿಸುವವರಿಲ್ಲ, ಟಗರು ತಾನೇ ನಡೆದು ಬರಬೇಕು.

ಆದರೆ ಬರುತ್ತಿದೆಯೇ ಇಲ್ಲವೇ ಎಂದು ತಿಳಿಯುವುದು ಹೇಗೆ? ಕುತ್ತಿಗೆಗೆ ರೇಡಿಯೋ ಪಟ್ಟಿ ಕಟ್ಟಿದರೆ ಕುರಿ ಎಲ್ಲಿ ಹೋಯಿತು ಎಂಬುದು ತಿಳಿಯುತ್ತದೆ. ಹೋದಲ್ಲಿ ಮರಿಗೆ ತಂದೆಯಾಯಿತೇ ಎಂಬುದು ತಿಳಿಯುವುದಿಲ್ಲ. ಅದನ್ನು ಹೇಳಬಲ್ಲದ್ದು ಸಂತತಿಯ ಡಿ.ಎನ್.ಎ. ಮಾತ್ರ. ಅದಕ್ಕಾಗಿ ಕುರಿ ಹಿಡಿಯಬೇಕಾಗಿಯೂ ಇಲ್ಲ, ಹಿಕ್ಕೆ ಸಾಕು. ಕರುಳಿನ ಗೋಡೆಯಿಂದ ಕಳಚಿದ ಜೀವಕೋಶಗಳು ಹಿಕ್ಕೆಯ ಹೊರಮೈಗೆ ಅಂಟಿಕೊಂಡಿರುತ್ತವೆ. ಬಿರುಬಿಸಿಲಿನಲ್ಲಿ ನೀರಿನ ಸೆಲೆಗಳ ಸುತ್ತ ಹಿಕ್ಕೆ ಆಯುವ ಕೆಲಸಕ್ಕೆ ವಿಜ್ಞಾನವೆಂಬ ಘನತೆ ಮೇಲುನೋಟಕ್ಕೆ ಕಾಣದಿದ್ದರೂ, ಪ್ರಯೋಗಾಲಯದಲ್ಲಿ ಅದೇ ಒಂದೊಂದು ಬೆಟ್ಟದ ವಂಶಾವಳಿಯಾಗಿ ತೆರೆದುಕೊಳ್ಳುತ್ತದೆ.

ಡಿ.ಎನ್.ಎ. ಎಳೆಯಲ್ಲಿ ಕೆಲವು ಕಡೆ ಒಂದೇ ಸಣ್ಣ ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆ ಎಂಬುದು ಕುರಿಯಿಂದ ಕುರಿಗೆ ಬೇರೆ. ಎರಡು ಬೆಟ್ಟಗಳ ನಡುವೆ ಟಗರುಗಳ ಓಡಾಟವಿದ್ದರೆ ಈ ಗುರುತುಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಗೆಯಾಗಿ ಬೆರೆತಿರುತ್ತವೆ. ಓಡಾಟ ನಿಂತರೆ ಎರಡೂ ಗುಂಪುಗಳು ದೂರವಾಗುತ್ತವೆ, ಒಂದೊಂದರೊಳಗಿನ ವೈವಿಧ್ಯವೂ ಕರಗುತ್ತದೆ. ಈ ಲೆಕ್ಕವನ್ನು ಭೂಪಟದೊಡನೆ ಇಟ್ಟು ನೋಡುವುದೇ 'ಲ್ಯಾಂಡ್‌ಸ್ಕೇಪ್ ಜೆನೆಟಿಕ್ಸ್', ಅಂದರೆ ನೆಲದ ಸ್ವರೂಪದೊಡನೆ ಸೇರಿಸಿ ಓದುವ ತಳಿಶಾಸ್ತ್ರ. ಸ್ಟೆಫನಿ ಮನೆಲ್ ಮತ್ತು ಸಂಗಡಿಗರು 2003ರಲ್ಲಿ ಬರೆದ ಲೇಖನದಿಂದ ಈ ಹೆಸರು ಬಳಕೆಗೆ ಬಂತು.

ಎಪ್ಸ್ ತಂಡ ಈ ವಿಧಾನದಿಂದ 27 ಗುಂಪುಗಳನ್ನು ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿತು. ಬೆಟ್ಟಗಳು ದೂರವಾದಷ್ಟೂ ನೆಂಟಸ್ತಿಕೆ ತೆಳುವಾಗುವುದು ಸಹಜ. ಆದ್ದರಿಂದ ದೂರದ ಪರಿಣಾಮವನ್ನು ಲೆಕ್ಕದಿಂದ ಬೇರ್ಪಡಿಸಿ, ಉಳಿದ ವ್ಯತ್ಯಾಸಕ್ಕೆ ಕಾರಣ ಹುಡುಕಲಾಯಿತು. ನಡುವೆ ಅಂತರರಾಜ್ಯ ಹೆದ್ದಾರಿ, ಕಾಲುವೆ ಅಥವಾ ಪಟ್ಟಣ ಇದ್ದಲ್ಲಿ ವಂಶವಾಹಿಗಳ ಹರಿವು ನಿಂತೇಹೋದಂತೆ ಕಂಡಿತು. ಪ್ರತ್ಯೇಕಗೊಂಡ ಗುಂಪುಗಳಲ್ಲಿ ಆನುವಂಶಿಕ ವೈವಿಧ್ಯ ಶೇಕಡಾ 15ರವರೆಗೂ ಕುಸಿದಿತ್ತು. ಅದಕ್ಕೆ ಹಿಡಿದದ್ದು ಸುಮಾರು 40 ವರ್ಷ. ಅಂತರರಾಜ್ಯ ಹೆದ್ದಾರಿಗಳ ಜಾಲಕ್ಕೆ ಅಮೆರಿಕದಲ್ಲಿ ಕಾನೂನಾದದ್ದು 1956ರಲ್ಲಿ. ಬೇಲಿ ಹಾಕಿದ ಈ ರಸ್ತೆಗಳು ಮೊಹಾವಿಯನ್ನು ಸೀಳಿದ್ದು ನಂತರದ ದಶಕಗಳಲ್ಲಿ. ಕುರಿಗಳ ಲೆಕ್ಕದಲ್ಲಿ ಇದು ಆರೇಳು ತಲೆಮಾರು ಅಷ್ಟೆ.

ರಸ್ತೆಯಲ್ಲಿ ಸತ್ತ ಪ್ರಾಣಿಗಳನ್ನು ಎಣಿಸಿದರೆ ಈ ನಷ್ಟ ಸಿಗುತ್ತಿರಲಿಲ್ಲ. ರಸ್ತೆಯ ತನಕ ಬಂದು ಹಿಂತಿರುಗಿದ ಟಗರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಅದೇ ತಂಡ 2007ರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಕುರಿಗೆ ಇಳಿಜಾರಿನಲ್ಲಿ ನಡೆಯುವುದು ಸುಲಭ, ಸಮತಟ್ಟು ನೆಲ ಹಲವು ಪಟ್ಟು ದುಬಾರಿ. ಯಾವ ದಾರಿಯ ಲೆಕ್ಕ ವಂಶವಾಹಿಗಳ ಹರಿವಿಗೆ ಹೆಚ್ಚು ಹೊಂದುತ್ತದೆ ಎಂದು ನೋಡಿ, ಬೆಟ್ಟದಿಂದ ಬೆಟ್ಟಕ್ಕೆ ಇರಬಹುದಾದ ಜಾಡುಗಳನ್ನು ಭೂಪಟದಲ್ಲಿ ಗುರುತಿಸಲಾಯಿತು. ಸೇತುವೆ ಎಲ್ಲಿ ಬೇಕು ಎಂಬ ಪ್ರಶ್ನೆಗೆ ಆಗ ಊಹೆಯಲ್ಲದ ಉತ್ತರ ದೊರೆಯತೊಡಗಿತು. ಅತ್ತ ಅರಿಜೋನದಲ್ಲಿ ಹೂವರ್ ಅಣೆಕಟ್ಟಿನ ಸಮೀಪದ 93ನೇ ಹೆದ್ದಾರಿಯ ಮೇಲೆ, ರೇಡಿಯೋ ಪಟ್ಟಿ ತೋರಿಸಿಕೊಟ್ಟ ಜಾಗಗಳಲ್ಲಿ, 2011ರ ಹೊತ್ತಿಗೆ ಮೂರು ಮೇಲ್ಸೇತುವೆಗಳು ಸಿದ್ಧವಾದವು. ಕುರಿಗಳು ಅವುಗಳನ್ನು ಸಾವಿರಾರು ಸಲ ದಾಟಿವೆ.

ಕತೆ ಇಲ್ಲಿಗೇ ಮುಗಿದಿದ್ದರೆ ಸೇತುವೆ ಕಟ್ಟುವುದೊಂದೇ ಉಳಿಯುತ್ತಿತ್ತು. 2013ರಲ್ಲಿ ಮೊಹಾವಿಯ ಓಲ್ಡ್ ಡ್ಯಾಡ್ ಪೀಕ್ ಬೆಟ್ಟದ ಕುರಿಗಳಿಗೆ ನ್ಯುಮೋನಿಯಾ ತಗುಲಿತು, ಅನೇಕ ಕುರಿಗಳು ಸತ್ತವು. ಇದಕ್ಕಿಂತ ಅಚ್ಚರಿಯ ಸಂಗತಿ ಎಂದರೆ, ಕುರಿಗಳು ದಾಟುವುದಿಲ್ಲವೆಂದು ಡಿ.ಎನ್.ಎ. ಹೇಳಿದ್ದ ಒಂದು ಹೆದ್ದಾರಿಯ ಆಚೆ ಬದಿಯಲ್ಲೂ ಸೋಂಕು ಕಾಣಿಸಿಕೊಂಡಿತು. ಸೋಂಕು ದಾಟಿದೆಯೆಂದರೆ ಕುರಿ ದಾಟಿರಬೇಕಲ್ಲವೇ? ಹಳೆಯ ಅಧ್ಯಯನವೇ ತಪ್ಪಾಗಿತ್ತೇ? 2013ರಿಂದ 2015ರವರೆಗೆ ಮತ್ತೆ ಮಾದರಿ ಸಂಗ್ರಹಿಸಿ, 2000ದಿಂದ 2003ರ ಮಾದರಿಗಳೊಡನೆ ಹೋಲಿಸಲಾಯಿತು. 2018ರಲ್ಲಿ ಪ್ರಕಟವಾದ ಉತ್ತರ ಹೀಗಿತ್ತು: ಹಳೆಯದು ತಪ್ಪಾಗಿರಲಿಲ್ಲ, ಬದಲಾದದ್ದು ಕುರಿಗಳ ನಡೆ. ಈ ನಡುವೆ ಅವು ಕನಿಷ್ಠ ಒಂದು ಜಾಗದಲ್ಲಿ ಹೆದ್ದಾರಿ ದಾಟುವುದನ್ನು ಕಲಿತಿದ್ದವು. ಅದರಿಂದ ಎರಡು ಗುಂಪುಗಳ ನಡುವಿನ ಅಂತರ ಥಟ್ಟನೆ ತಗ್ಗಿತ್ತು.

ಹೀಗೆ ನೆಂಟರು ಬಂದ ದಾರಿಯಲ್ಲೇ ರೋಗವೂ ಬರುತ್ತದೆ. ಹಾಗೆಂದು ದಾರಿ ಮುಚ್ಚಿದರೆ ಸಣ್ಣ ಹಿಂಡುಗಳು ತಮ್ಮೊಳಗೇ ಕೂಡಿ ಕೃಶವಾಗುತ್ತವೆ, ಖಾಲಿಯಾದ ಬೆಟ್ಟ ಖಾಲಿಯಾಗಿಯೇ ಉಳಿಯುತ್ತದೆ. ಸಂರಕ್ಷಕರು ತೂಗಬೇಕಾದದ್ದು ಈ ಎರಡು ನಷ್ಟಗಳನ್ನು. ದಾರಿಯನ್ನು ತೆರೆದಿಟ್ಟು, ಸಾಕುಕುರಿ ಸಾಕುಮೇಕೆಗಳನ್ನು ಆ ಬೆಟ್ಟಗಳಿಂದ ದೂರವಿಡುವುದು ಲೇಸೆಂದು ತೋರುತ್ತದೆ. ರೋಗ ಹಿಂಡನ್ನು ಸೊರಗಿಸಿದರೂ ಮತ್ತೆ ತುಂಬಿಕೊಳ್ಳಲು ಅದಕ್ಕೆ ದಾರಿಯೇ ಬೇಕು.

ಲಾಸ್ ವೇಗಸ್‌ನಿಂದ ದಕ್ಷಿಣ ಕ್ಯಾಲಿಫೋರ್ನಿಯಕ್ಕೆ 15ನೇ ಅಂತರರಾಜ್ಯ ಹೆದ್ದಾರಿಯ ಗುಂಟ ವೇಗದ ರೈಲು ಹಾಕುವ ಯೋಜನೆ ಬಂದಾಗ ಈ ಪ್ರಶ್ನೆ ಮತ್ತೆ ಎದ್ದಿತು. ರಸ್ತೆಯ ಜೊತೆಗೆ ಹಳಿಯೂ ಬಂದರೆ ಒಂದು ಗೋಡೆ ಎರಡಾಗುತ್ತದೆ. ರಸ್ತೆಯನ್ನೂ ಹಳಿಯನ್ನೂ ಒಟ್ಟಿಗೆ ದಾಟಿಸುವ ಮೂರು ವನ್ಯಜೀವಿ ಮೇಲ್ಸೇತುವೆಗಳನ್ನು ಕಟ್ಟಲು ರಾಜ್ಯದ ಇಲಾಖೆಗಳೂ ರೈಲು ಕಂಪನಿಯೂ ಒಪ್ಪಿದ್ದು 2023ರ ಜನವರಿಯಲ್ಲಿ ಪ್ರಕಟವಾಯಿತು. ಕುರಿಗಳು ತಾವಾಗಿ ಹೆದ್ದಾರಿ ದಾಟತೊಡಗಿದ ಕಡೆ ಎರಡು ತಲೆಮಾರು ಕಳೆದ ಮೇಲೂ ಕಳೆದುಹೋದ ವೈವಿಧ್ಯದಲ್ಲಿ ಮರಳಿದ್ದು ಅಲ್ಪಸ್ವಲ್ಪ ಮಾತ್ರ.