ಟ್ಯಾಂಕಿನಿಂದ ಎಂಜಿನ್ನಿಗೆ: ಒಂದು ಪುಟ್ಟ ಪಂಪಿನ ಚರಿತ್ರೆ



ಪೆಟ್ರೋಲ್ ಪಂಪ್ ಎಂದೊಡನೆ ನಿಮಗೆ ರಸ್ತೆ ಬದಿಯ ಬಂಕ್ ನೆನಪಾಗುವುದು ಸಹಜ. ಆದರೆ ನಾವು ಇಲ್ಲಿ ನೋಡಲಿರುವುದು ಕಾರಿನೊಳಗೇ ಇರುವ, ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಪಂಪನ್ನು. ಅನೇಕ ಕಾರುಗಳಲ್ಲಿ ಟ್ಯಾಂಕ್ ಹಿಂದಿರುತ್ತದೆ, ಎಂಜಿನ್ ಮುಂದಿರುತ್ತದೆ. ನಡುವಿನ ಹಲವು ಅಡಿಗಳ ದಾರಿಯನ್ನು ಪೆಟ್ರೋಲ್ ಕ್ರಮಿಸುವುದು ಹೇಗೆ? ಈ ಸರಳ ಪ್ರಶ್ನೆಯ ಹಿಂದೆ ನೂರು ವರ್ಷಗಳ ಚರಿತ್ರೆ ಇದೆ. ಮನೆಯಲ್ಲಿ ಅಜ್ಜನ ಕಾಲದ ಕಾರನ್ನು ಉಳಿಸಿಕೊಂಡವರಿಗೆ ಇದು ಇಂದಿಗೂ ಜೀವಂತ ಪ್ರಶ್ನೆ.

ಮೊದಲಿಗೆ ಪಂಪೇ ಇಲ್ಲದ ಕಾಲವನ್ನು ನೋಡೋಣ. ಅಮೆರಿಕದಲ್ಲಿ 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಬಹುಕಾಲ ಟ್ಯಾಂಕ್ ಇದ್ದುದು ಮುಂದಿನ ಸೀಟಿನ ಕೆಳಗೆ. ಮಾಳಿಗೆಯ ತೊಟ್ಟಿಯಿಂದ ನಲ್ಲಿಗೆ ನೀರು ಬರುವಂತೆ, ಪೆಟ್ರೋಲ್ ತನ್ನ ಭಾರದಿಂದಲೇ ಎಂಜಿನ್ನಿಗೆ ಇಳಿಯುತ್ತಿತ್ತು. ಕಡಿದಾದ ದಿಬ್ಬ ಏರುವಾಗ ಮಾತ್ರ ಎಂಜಿನ್ ಮೇಲಾಗಿ ಟ್ಯಾಂಕ್ ಕೆಳಗಾಗುತ್ತಿತ್ತು. ಪೆಟ್ರೋಲ್ ಕಡಿಮೆ ಇದ್ದರೆ ಕಾರು ಅಲ್ಲೇ ನಿಲ್ಲುತ್ತಿತ್ತು. ಆಗ ಚಾಲಕರು ಕಾರನ್ನು ತಿರುಗಿಸಿ, ರಿವರ್ಸ್ ಗೇರಿನಲ್ಲಿ ದಿಬ್ಬ ಹತ್ತುತ್ತಿದ್ದರು!

ಕಾರುಗಳು ತಗ್ಗಾಗಿ, ಟ್ಯಾಂಕ್ ಹಿಂಬದಿಗೆ ಸರಿದಂತೆ ಈ ಉಪಾಯ ಸಾಲದಾಯಿತು. ಎಂಜಿನ್ನಿನ ಹೀರುವ ಶಕ್ತಿಯನ್ನೇ ಬಳಸುವ ನಿರ್ವಾತ ಟ್ಯಾಂಕುಗಳು ಕೆಲಕಾಲ ಬಂದುಹೋದವು. 1920ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಯಾಂತ್ರಿಕ ಪಂಪ್ ನೆಲೆಯೂರತೊಡಗಿತು. ಇದರ ರಚನೆ ಬಹಳ ಸರಳ. ಎಂಜಿನ್ನಿನ ಕ್ಯಾಮ್‌ಶಾಫ್ಟ್ ತಿರುಗುವಾಗ ಒಂದು ಸನ್ನೆಯನ್ನು ಒತ್ತುತ್ತದೆ, ಸನ್ನೆ ಒಂದು ಡಯಾಫ್ರಾಂ ಪೊರೆಯನ್ನು ಎಳೆಯುತ್ತದೆ, ಪೆಟ್ರೋಲ್ ಒಳಬರುತ್ತದೆ. ಅನಂತರ ಸ್ಪ್ರಿಂಗ್ ಪೊರೆಯನ್ನು ತಳ್ಳಿ ಪೆಟ್ರೋಲನ್ನು ಕಾರ್ಬೊರೇಟರಿಗೆ ಕಳಿಸುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ 'ಎ.ಸಿ. ಪಂಪ್' ಎಂಬ ಹೆಸರಿದೆ. ತಂಪು ಗಾಳಿಗೂ ಪರ್ಯಾಯ ವಿದ್ಯುತ್ತಿಗೂ ಈ ಹೆಸರಿಗೂ ಸಂಬಂಧವಿಲ್ಲ. ಅದು ಆಲ್ಬರ್ಟ್ ಚಾಂಪಿಯನ್ ಎಂಬ ಉದ್ಯಮಿಯ ಹೆಸರಿನ ಮೊದಲ ಅಕ್ಷರಗಳನ್ನು ಹೊತ್ತ ಅಮೆರಿಕನ್ ಕಂಪನಿಯಿಂದ ಬಂದದ್ದು.

ಇತ್ತ ಇಂಗ್ಲೆಂಡಿನಲ್ಲಿ ಸ್ಕಿನ್ನರ್ ಸೋದರರ ಎಸ್.ಯು. ಕಂಪನಿ ಬೇರೆ ಹಾದಿ ಹಿಡಿಯಿತು. ಅದರ ಪಂಪಿನಲ್ಲಿ ಪೊರೆಯನ್ನು ಎಳೆಯುವುದು ವಿದ್ಯುತ್ಕಾಂತ. ಎಳೆತ ಮುಗಿದೊಡನೆ ಸಂಪರ್ಕ ಕಡಿಯುತ್ತದೆ, ಸ್ಪ್ರಿಂಗ್ ತಳ್ಳುತ್ತದೆ, ಮತ್ತೆ ಸಂಪರ್ಕ ಕೂಡುತ್ತದೆ. ಇದರ 'ಟಕ್ ಟಕ್' ಸದ್ದು 1948ರ ಮಾರಿಸ್ ಮೈನರ್ ಮತ್ತು 1959ರ ಮಿನಿ ಕಾರುಗಳನ್ನು ಓಡಿಸಿದವರಿಗೆ ಚಿರಪರಿಚಿತ. ಸಂಪರ್ಕದ ಬಿಂದುಗಳು ಕರಕಲಾಗಿ ಪಂಪ್ ಮುಷ್ಕರ ಹೂಡಿದಾಗ ಸ್ಪ್ಯಾನರಿನಿಂದ ಮೆಲ್ಲಗೆ ಕುಟ್ಟಿ ಎಬ್ಬಿಸುವುದೂ ಅಷ್ಟೇ ಪರಿಚಿತ.

ನಮ್ಮ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಪೆಟ್ರೋಲ್ ಎಂಜಿನ್ನುಗಳಿಗೆ ಇದ್ದುದು ಯಾಂತ್ರಿಕ ಪಂಪ್. ಬೇಸಿಗೆಯಲ್ಲಿ ಘಾಟಿ ಹತ್ತಿದ ಹಿರಿಯರನ್ನು ಕೇಳಿ ನೋಡಿ. ಅರ್ಧ ದಾರಿಯಲ್ಲಿ ಕಾರು ನಿಂತಿತು, ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದೆವು, ಸ್ವಲ್ಪ ಹೊತ್ತಿಗೆ ಹೊರಟಿತು ಎನ್ನುತ್ತಾರೆ. ಇದು ಮೂಢನಂಬಿಕೆಯಲ್ಲ, ಭೌತಶಾಸ್ತ್ರ. ಪೆಟ್ರೋಲಿನ ಹಗುರ ಅಂಶಗಳು ಸುಮಾರು 35-40 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯತೊಡಗುತ್ತವೆ. ಎಂಜಿನ್ನಿಗೆ ಅಂಟಿಕೊಂಡ ಪಂಪ್ ಬಿಸಿಯಾಗಿರುತ್ತದೆ. ಅದು ದೂರದಿಂದ ಹೀರುವುದರಿಂದ ಕೊಳವೆಯಲ್ಲಿ ಒತ್ತಡ ಇಳಿದಿರುತ್ತದೆ. ಒತ್ತಡ ಇಳಿದರೆ ಕುದಿಯುವ ಬಿಂದುವೂ ಇಳಿಯುತ್ತದೆ. ಪೆಟ್ರೋಲ್ ಆವಿಯಾಗಿ, ಪಂಪ್ ಆ ಆವಿಯನ್ನೇ ಹಿಸುಕುತ್ತಾ ಕೂರುತ್ತದೆ. ಇದೇ 'ವೇಪರ್ ಲಾಕ್'. ಒದ್ದೆ ಬಟ್ಟೆ ಮಣ್ಣಿನ ಹೂಜಿಯಂತೆ ಪಂಪನ್ನು ತಂಪಾಗಿಸುತ್ತದೆ. ಟ್ಯಾಂಕಿನ ಬಳಿ ಕೂರಿಸಿದ ವಿದ್ಯುತ್ ಪಂಪ್ ಹೀರುವ ಬದಲು ತಳ್ಳುತ್ತದೆ. ಪ್ರೆಷರ್ ಕುಕ್ಕರಿನಲ್ಲಿ ನೀರು ತಡವಾಗಿ ಕುದಿಯುವಂತೆ, ಒತ್ತಡದಲ್ಲಿರುವ ಪೆಟ್ರೋಲ್ ಸುಲಭವಾಗಿ ಆವಿಯಾಗುವುದಿಲ್ಲ.

ಹಾಗಾದರೆ ಹಳೆಯ ಕಾರುಗಳಿಗೆಲ್ಲ ವಿದ್ಯುತ್ ಪಂಪೇ ಲೇಸೆ? ಅವಸರ ಬೇಡ. ಯಾಂತ್ರಿಕ ಪಂಪಿಗೆ ಒಂದು ದೊಡ್ಡ ಗುಣವಿದೆ: ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಅಪಘಾತದಲ್ಲಿ ಕೊಳವೆ ತುಂಡಾದರೆ, ಇಗ್ನಿಷನ್ ಆರಿಸುವವರೆಗೂ ವಿದ್ಯುತ್ ಪಂಪ್ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರಬಹುದು. ಆದ್ದರಿಂದ ಡಿಕ್ಕಿಯ ಆಘಾತಕ್ಕೆ ತಾನಾಗಿ ವಿದ್ಯುತ್ ಕಡಿಯುವ ಸ್ವಿಚ್ ಇಲ್ಲದೆ ಅದನ್ನು ಕೂರಿಸಲೇಬಾರದು. ಒತ್ತಡದ ಲೆಕ್ಕವೂ ಮುಖ್ಯ. ಹಳೆಯ ಕಾರ್ಬೊರೇಟರಿಗೆ ಸಾಮಾನ್ಯವಾಗಿ 2ರಿಂದ 4 ಪೌಂಡ್ ಒತ್ತಡ ಸಾಕು. ಇಂಜೆಕ್ಷನ್ ಕಾರುಗಳ ಪಂಪ್ 40 ಪೌಂಡಿನ ಆಸುಪಾಸಿನಲ್ಲಿ ದುಡಿಯುತ್ತದೆ. ಅಂಥದ್ದನ್ನು ಹಳೆಯ ಕಾರಿಗೆ ಜೋಡಿಸಿದರೆ ಕಾರ್ಬೊರೇಟರ್ ಉಕ್ಕಿ ಹರಿದು ಬೆಂಕಿಗೆ ದಾರಿಯಾಗುತ್ತದೆ.

ಈಗ ಇನ್ನೊಂದು ಅಂಶ ಸೇರಿದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಹಳೆಯ ಕಾಲದ ರಬ್ಬರ್ ಪೊರೆಗಳನ್ನು ಎಥನಾಲಿಗಾಗಿ ಮಾಡಿದ್ದಲ್ಲ. ಅವು ಉಬ್ಬಿ, ಬಿರಿಯಬಹುದು. ಯಾಂತ್ರಿಕ ಪಂಪಿನ ಪೊರೆ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೋರಿ, ಆಯಿಲನ್ನು ತೆಳುವಾಗಿಸಿ, ಬೇರಿಂಗುಗಳನ್ನು ಸವೆಸುತ್ತದೆ. ಹಳೆಯ ಪಂಪನ್ನು ಹಾಗೆಯೇ ಬಿಟ್ಟು ಅದರ ಹಿಂದೆ ವಿದ್ಯುತ್ ಪಂಪ್ ಜೋಡಿಸಿದರಂತೂ ಈ ಸೋರಿಕೆ ಇನ್ನಷ್ಟು ಜೋರಾಗುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಆಗಾಗ ಓಡುವ ಕಾರಿಗೆ ಎಥನಾಲ್ ತಡೆಯುವ ಹೊಸ ಪೊರೆ ಹಾಕಿದ ಮೂಲ ಪಂಪೇ ಸಾಕು. ತಿಂಗಳುಗಟ್ಟಲೆ ನಿಲ್ಲುವ, ಅಥವಾ ಬಿಸಿಲಿಗೆ ಪದೇ ಪದೇ ಕೈಕೊಡುವ ಕಾರಿಗೆ ಕಡಿಮೆ ಒತ್ತಡದ ವಿದ್ಯುತ್ ಪಂಪನ್ನು, ಮೇಲಿನ ಎಚ್ಚರಿಕೆಗಳೊಡನೆ, ಯೋಚಿಸಬಹುದು. ಆಗಲೂ ಬಿಚ್ಚಿದ ಹಳೆಯ ಪಂಪನ್ನು ಗುಜರಿಗೆ ಹಾಕಬೇಡಿ. ಒಂದು ಕಾಲದ ಜನ ತಮ್ಮ ಕಷ್ಟಕ್ಕೆ ಕಂಡುಕೊಂಡ ಉತ್ತರ ಅದು. ಎಣ್ಣೆ ಸವರಿ ತೆಗೆದಿಡಿ.

ನಿಮ್ಮ ಊರಿನ ಹಳೆಯ ಗ್ಯಾರೇಜಿಗೆ ಒಮ್ಮೆ ಹೋಗಿ, ಅಲ್ಲಿನ ಹಿರಿಯ ಮೇಸ್ತ್ರಿಗಳಲ್ಲಿ ಒಂದು ಎ.ಸಿ. ಪಂಪನ್ನು ಬಿಚ್ಚಿ ತೋರಿಸುವಂತೆ ಕೇಳಿಕೊಳ್ಳಿ. ಸನ್ನೆ, ಸ್ಪ್ರಿಂಗ್, ಪೊರೆ, ಎರಡು ಕವಾಟಗಳು: ಪಠ್ಯಪುಸ್ತಕದಲ್ಲಿ ಓದಿದ ಪಾಠವನ್ನು ಅಲ್ಲಿ ಕೈಯಲ್ಲಿ ಹಿಡಿದು ನೋಡಬಹುದು.