ಉಪ್ಪುಂಡ ಭತ್ತ

ಉಪ್ಪು ನೀರು ನುಗ್ಗಿದ ಗದ್ದೆ ಕೆಟ್ಟಿತೆಂದೇ ಲೆಕ್ಕ. ಆದರೆ ಅಳಿವೆಗಳ ಬದಿಯ ರೈತರು ಅಂಥ ನೆಲದಲ್ಲೂ ಭತ್ತ ಬೆಳೆದರು. ನಮ್ಮ ಕಾಸರಗೋಡು, ಕಣ್ಣೂರುಗಳಲ್ಲಿ ಅದು ಕೈಪ್ಪಾಡ್; ಎರ್ನಾಕುಳಂ ಕಡೆ ಪೊಕ್ಕಾಳಿ; ಕುಮಟೆಯ ಅಘನಾಶಿನಿ ತೀರದಲ್ಲಿ ಗಜನಿ, ಅಲ್ಲಿನ ಭತ್ತ ಕಗ್ಗ. ನುಡಿ ಬೇರೆಯಾದರೂ ಉಪಾಯ ಒಂದೇ. ಮುಂಗಾರು ಮಳೆ ಉಪ್ಪನ್ನು ತೊಳೆದ ಮೇಲೆ ಬೇಸಾಯ, ಕೊಯ್ಲಾದ ಮೇಲೆ ಸಿಗಡಿ. ಉಪ್ಪಿಗೆ ಸೋತ ಗಿಡ ಸತ್ತಿತು; ಉಳಿದ ತೆನೆಯೇ ಮರುವರ್ಷದ ಬೀಜವಾಯಿತು. ಹೀಗೆ ತಲೆತಲಾಂತರಗಳಿಂದ ತಳಿಯ ಆಯ್ಕೆ ನಡೆಯಿತು.

ವಿಜ್ಞಾನಿಗಳು ಈ ಬೀಜವನ್ನೇ ಮೂಲವಾಗಿ ಹಿಡಿದರು. ವೈಟ್ಟಿಲ ಭತ್ತ ಸಂಶೋಧನಾ ಕೇಂದ್ರದ ವೈಟ್ಟಿಲ-1, ಚೂಟ್ಟುಪೊಕ್ಕಾಳಿಯಿಂದ ಆಯ್ದದ್ದು. ಆದರೆ ಪೊಕ್ಕಾಳಿ ಎತ್ತರದ ಗಿಡ. ಬೇಗ ಬಾಗುತ್ತದೆ, ಇಳುವರಿಯೂ ಕಡಿಮೆ. ಆದ್ದರಿಂದ ಅದರ ಉಪ್ಪು ತಾಳುವ ಗುಣವನ್ನಷ್ಟೇ ಬೇರೆ ತಳಿಗೆ ತರಬೇಕಾಯಿತು. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್-29 ತಳಿಯೊಡನೆ ಪೊಕ್ಕಾಳಿಯನ್ನು ಸಂಕರಿಸಿತು. ಆ ಸಂತತಿಯ ಒಂದನೆಯ ವರ್ಣತಂತುವಿನಲ್ಲಿ ‘ಸಾಲ್ಟೋಲ್’ ಎಂಬ ಭಾಗ ಪತ್ತೆಯಾಯಿತು. ಗಿಡದಲ್ಲಿ ಸೋಡಿಯಂ-ಪೊಟ್ಯಾಸಿಯಂಗಳ ಸಮತೋಲ ಕಾಯುವುದು ಅದರ ಕೆಲಸ. ಈಗ ಬಾಸುಮತಿಗೂ ಅದನ್ನು ಸೇರಿಸಲಾಗಿದೆ. ಕೈಪ್ಪಾಡ್ ಗದ್ದೆಗಳಿಗಾಗಿ ಕೇರಳ ಕೃಷಿ ವಿಶ್ವವಿದ್ಯಾಲಯ 2010ರಲ್ಲಿ ಏಳೋಂ-1, ಏಳೋಂ-2 ತಳಿಗಳನ್ನು ಹೊರತಂದಿತು.

ಭೌಗೋಳಿಕ ಸೂಚಕದ ಮನ್ನಣೆಯೂ ಬಂದಿದೆ: ಪೊಕ್ಕಾಳಿಗೆ 2008ರಲ್ಲಿ, ಕೈಪ್ಪಾಡಿಗೆ 2013ರಲ್ಲಿ. ಆದರೂ ಹಲವು ಕಡೆ ಗದ್ದೆಗಳು ಬೀಳು ಬಿದ್ದಿವೆ. ಕೆಲವೆಡೆ ವರ್ಷವಿಡೀ ಸಿಗಡಿಯೇ. ಕಡಲು ಏರುತ್ತಿರುವ ಕಾಲದಲ್ಲಿ ಜಗತ್ತು ಹುಡುಕುವ ಗುಣ ನಮ್ಮ ಅಳಿವೆಗಳ ಬೀಜದಲ್ಲಿದೆ. ಬಿತ್ತುವವರಿದ್ದರೆ ಮಾತ್ರ ಆ ಬೀಜ ಗದ್ದೆಯಲ್ಲಿ ಉಳಿದೀತು.